ತಿಂದಷ್ಟೂ ತುಂಬುವ ಡಬ್ಬಿ

"ಗುರುಗಳೇ, ಈ ಪುಡಿ ತಿಂದರೆ ಎದೆಗೂ ಬಲ, ತೋಳಿಗೂ ಬಲ ಅನ್ನುತ್ತಾರೆ. ತಿನ್ನಲೋ ಬೇಡವೋ?" ಎಂದು ದೊರೆಸ್ವಾಮಿ ಕೇಳಿದ.

ಕೇಳುವಾಗಲೂ ಅವನ ಎದೆ ಸೆಟೆದೇ ಇತ್ತು. ಸುತ್ತಲ ಹಳ್ಳಿಗಳಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರಿರಲಿಲ್ಲ. ಅದನ್ನು ಅವನೇ ಊರೂರಿಗೆ ಸಾರಿಕೊಂಡು ಬಂದಿದ್ದ. ಸಾರದೆ ಉಳಿಸಿಕೊಂಡದ್ದು ಒಂದೇ ಸಂಗತಿ. ಈಚೆಗೆ ತೋಳು ಸೋಲುವ ಮೊದಲೇ ಅವನ ಉಸಿರು ಸೋಲುತ್ತಿತ್ತು. ದೊಡ್ಡ ಕುಸ್ತಿ ಹತ್ತಿರ ಬಂದಿತ್ತು. ಪೇಟೆಯಿಂದ ತಂದ ಡಬ್ಬಿಯನ್ನು ಅವನು ಗರಡಿಯ ಕಟ್ಟೆಯ ಮೇಲೆ ಇಟ್ಟ. ಇನ್ನೂ ಮುಚ್ಚಳ ತೆಗೆದಿಲ್ಲ ಎಂದ. ಮೀಸೆಯ ತುದಿಯಲ್ಲಿ ಬಿಳಿ ಪುಡಿ ಅಂಟಿತ್ತು.

ಉಸ್ತಾದ್ ಜವರಪ್ಪನವರು ಮೀಸೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. "ಒಂದು ಕತೆ ಹೇಳುತ್ತೇನೆ. ಸುಳ್ಳು ಅನ್ನಿಸಿದರೆ ಡಬ್ಬಿ ಎತ್ತಿಕೊಂಡು ಹೊರಟುಬಿಡು. ಹಾಗೆ ಹೊರಟ ಗಂಡಸನ್ನು ನಾನಿನ್ನೂ ಕಂಡಿಲ್ಲ" ಎಂದರು.

ಒಬ್ಬ ಪೈಲ್ವಾನನಿದ್ದ. ಸಾಮು ಮಾಡುವಾಗ ಅವನ ಗುರು ಅವನ ಎದೆಯ ಮೇಲೆ ಅಂಗೈ ಇಡುತ್ತಿದ್ದ. ಎದೆ ಸಾಕು ಅಂದರೆ ಸಾಕು. ಗರಡಿಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಈ ಪೈಲ್ವಾನನ ಎದೆ ಉಳಿದವರಿಗಿಂತ ಬೇಗ ಸಾಕು ಅನ್ನುತ್ತಿತ್ತು. ಅವನಿಗೆ ಅದು ಅವಮಾನ.

ಒಬ್ಬ ವ್ಯಾಪಾರಿ ಬಂದು ಅವನ ಕೈಗೆ ಒಂದು ಡಬ್ಬಿ ಕೊಟ್ಟ. ಡಬ್ಬಿ ಹಕ್ಕಿಯ ಗರಿಯಷ್ಟು ಹಗುರವಾಗಿತ್ತು. ತಳದಲ್ಲಿ ಒಂದಿಷ್ಟು ಪುಡಿ ಇತ್ತು.

"ಇಷ್ಟೇನಾ?" ಎಂದ ಪೈಲ್ವಾನ.

"ತಿನ್ನುತ್ತಾ ಹೋಗು. ಪುಡಿಯೆಲ್ಲ ನಿನ್ನದು. ಡಬ್ಬಿ ಮಾತ್ರ ನನ್ನದು, ಬಂದು ಒಯ್ಯುತ್ತೇನೆ" ಎಂದ ವ್ಯಾಪಾರಿ.

ಪೈಲ್ವಾನ ತಿಂದ. ಎದೆ ಸಾಕು ಅನ್ನುವುದನ್ನು ಬಿಟ್ಟಿತು. ಉಳಿದವರು ಸುಸ್ತಾಗಿ ಮನೆಗೆ ಹೋದರೂ ಅವನು ಬಸ್ಕಿ ಹೊಡೆಯುತ್ತಿದ್ದ. ಗುರು ಅಂಗೈ ಇಟ್ಟ. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

"ನಿನ್ನ ಎದೆ ಮಾತಾಡುತ್ತಿಲ್ಲವಲ್ಲೋ."

"ದೂರು ಹೇಳಲು ಅದಕ್ಕೇನು ಕಡಿಮೆಯಾಗಿದೆ, ಗುರುಗಳೇ?" ಎಂದು ಪೈಲ್ವಾನ ನಕ್ಕ.

ಮನೆಯಲ್ಲಿ ಡಬ್ಬಿ ತೆರೆದರೆ ಪುಡಿ ಅರ್ಧಕ್ಕೆ ಏರಿತ್ತು. ತಿಂದಷ್ಟೂ ಏರಿತು. ವ್ಯಾಪಾರಿ ಧರ್ಮಾತ್ಮ ಎಂದುಕೊಂಡ. ಒಂದು ಮುಂಜಾನೆ ಅವನ ತಾಯಿ ಗೂಡು ಒರೆಸಲು ಡಬ್ಬಿಗೆ ಕೈ ಹಾಕಿ ಹಿಂದೆ ಸರಿದಳು.

"ಇದು ಬೆಚ್ಚಗಿದೆ ಕಣೋ."

"ಒಲೆಯ ಪಕ್ಕ ಇಟ್ಟರೆ ಬೆಚ್ಚಗಾಗದೆ ಇನ್ನೇನಾಗುತ್ತದವ್ವ?"

"ಒಲೆ ಇನ್ನೂ ಹಚ್ಚಿಲ್ಲ ಮಗ" ಎಂದಳು ತಾಯಿ.

ಕುಸ್ತಿಯ ದಿನ ಅವನು ಎದುರಾಳಿಯನ್ನು ಎತ್ತಿ ಒಗೆದ. ಉಸಿರು ಏರಲಿಲ್ಲ, ಬೆವರು ಒಡೆಯಲಿಲ್ಲ. ಕೈಗೆ ಬೆಳ್ಳಿಯ ಕಡಗ ತೊಡಿಸಿದರು. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಹೊತ್ತವನೊಬ್ಬ ಪಕ್ಕದವನಿಗೆ, "ಏನಯ್ಯಾ, ಈ ಆಳು ಭಾರವೇ ಇಲ್ಲ" ಎಂದ.

ಮನೆಗೆ ಬಂದರೆ ಜಗಲಿಯ ಮೇಲೆ ವ್ಯಾಪಾರಿ ಕುಳಿತಿದ್ದ. ಡಬ್ಬಿ ಕೇಳಿದ. ಪೈಲ್ವಾನ ಒಳಗೆ ಹೋಗಿ ಎತ್ತಿದ. ಏಳಲಿಲ್ಲ. ಎರಡೂ ಕೈ ಹಾಕಿದ. ಮೊಣಕಾಲೂರಿದ. ಆಳನ್ನು ಎತ್ತಿ ಒಗೆದ ತೋಳಿಗೆ ಒಂದು ಡಬ್ಬಿ ಏಳಲಿಲ್ಲ. ವ್ಯಾಪಾರಿ ಒಳಗೆ ಬಂದು ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಟ. ಡಬ್ಬಿಯೊಳಗಿಂದ ಲಬ್, ಡಬ್ ಎನ್ನುವ ಸದ್ದು ಬರುತ್ತಿತ್ತು. ಅದು ಓಣಿಯುದ್ದಕ್ಕೂ ಅವನ ಜೊತೆಗೆ ಹೋಯಿತು, ತಿರುವಿನಲ್ಲಿ ನಿಂತಿತು.

ಪೈಲ್ವಾನ ತನ್ನ ಎದೆಯ ಮೇಲೆ ತಾನೇ ಅಂಗೈ ಇಟ್ಟುಕೊಂಡ. ಬಹಳ ಹೊತ್ತು ಇಟ್ಟುಕೊಂಡ. ಆಮೇಲೆ ಗರಡಿಗೆ ಹೋಗಿ ಬಸ್ಕಿಗೆ ಇಳಿದ. ಆ ಊರಿನ ಗರಡಿ ಈಗ ಬಿದ್ದುಹೋಗಿದೆ. ಅವನು ಇನ್ನೂ ಹೊಡೆಯುತ್ತಲೇ ಇದ್ದಾನೆ. ಸಾಕು ಅನ್ನುವುದು ಅವನೊಳಗೆ ಇಲ್ಲ.

ಕತೆ ನಿಂತಿತು. ದೊರೆಸ್ವಾಮಿ ನಗಲು ನೋಡಿದ. "ಅದು ಯಾವನೋ ದಾರಿಹೋಕ ಕೊಟ್ಟದ್ದು ಬಿಡಿ ಗುರುಗಳೇ. ಇದು ಅಂಗಡಿಯದು, ಮೊಹರು ಹಾಕಿದ್ದು. ಅಷ್ಟಕ್ಕೂ ನಾನೇನು ಆ ಪೈಲ್ವಾನನೇ? ನನ್ನನ್ನು ಕೆಡವುವ ಡಬ್ಬಿ ಇನ್ನೂ ಹುಟ್ಟಿಲ್ಲ."

ಜವರಪ್ಪನವರು ಅವನ ಎದೆಯ ಮೇಲೆ ಅಂಗೈ ಇಟ್ಟು, ಮೆಲ್ಲಗೆ ತೆಗೆದರು.

"ಹಾಗಾದರೆ ಎತ್ತಿಕೊಂಡು ಹೊರಡು, ಮಗ."

ದೊರೆಸ್ವಾಮಿ ಡಬ್ಬಿಗೆ ಕೈ ಹಾಕಲಿಲ್ಲ. ಆ ದಿನ ಗರಡಿಯಲ್ಲಿ ಗುರುಗಳು ಅವನಿಗೆ ಕೊನೆಗೆ ಕೊಟ್ಟದ್ದು ಒಂದು ಹಿಡಿ ನೆನೆಸಿದ ಕಡಲೆ.