ಹೊಂಗೆ ಎಲೆಯೊಳಗಿನ ಬಿಳಿ ಗೆರೆ

ಲೋಕ ಆಗಿನ್ನೂ ಹೊಸದು, ಮಗಾ. ಎಷ್ಟು ಹೊಸದು ಅಂದರೆ ಬೆಟ್ಟಗಳ ಮೈ ಇನ್ನೂ ಒಣಗಿರಲಿಲ್ಲ. ಹೊಳೆ ಯಾವ ಕಡೆ ಹರಿಯಬೇಕು ಅಂತ ತಿಳಿಯದೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿತ್ತು. ನಗಬೇಡ. ನೀನೂ ಹೊಸದರಲ್ಲಿ ಗೋಡೆ ಹಿಡಿದುಕೊಂಡೇ ನಡೆದವಳು.

ಆ ಕಾಲದಲ್ಲಿ ಯಾರು ಯಾವ ಮರದ ಎಲೆ ತಿನ್ನಬೇಕು ಅನ್ನುವುದಕ್ಕೆ ಲೆಕ್ಕವೇ ಇರಲಿಲ್ಲ. ಆನೆ ಬಾಯಿ ಹಾಕಿದ ಕೊಂಬೆಗೇ ಮೇಕೆ ಬಾಯಿ ಹಾಕುತ್ತಿತ್ತು, ಅದೇ ಕೊಂಬೆಗೆ ಕಂಬಳಿಹುಳವೂ ಹತ್ತುತ್ತಿತ್ತು. ದಿನಾ ಜಗಳ. ಮರಗಳು ಬೋಳಾಗಿ ಅಳುತ್ತಾ ನಿಂತವು. ಭೂಮಿತಾಯಿಗೆ ಸಾಕುಸಾಕಾಗಿ ಹೋಯಿತು. ಬೋರಕ್ಕ ಅನ್ನುವ ಹೆಂಗಸನ್ನು ಕರೆದು, ಎಲ್ಲರನ್ನೂ ಗುರುತಿಸಿ ಒಂದು ಕಡೆ ಬರೆದಿಡು ಅಂದಳು.

ಬೋರಕ್ಕನ ಗಂಡ ಕರಿಯಣ್ಣ ಉದ್ದಕ್ಕೆ ಒಂದು ಮಣ್ಣಿನ ಗೋಡೆ ಎಬ್ಬಿಸಿ ಕೆಮ್ಮಣ್ಣು ಸಾರಿಸಿದ. ಬೋರಕ್ಕ ಈಚಲು ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡಳು, ಸುಣ್ಣ ಕಲಸಿಕೊಂಡಳು. ಅವಳ ಕೈ ಅಂದರೆ ಕೈ! ಅವಳು ಬರೆದ ಮೊಲದ ಕಿವಿ ಗಾಳಿಗೆ ಅಲ್ಲಾಡುತ್ತಿತ್ತಂತೆ.

ಅವಳದು ಒಂದೇ ಪದ್ಧತಿ. ಬಂದವರ ಹೆಸರು ಕೇಳುತ್ತಿರಲಿಲ್ಲ, ಕುಲ ಕೇಳುತ್ತಿರಲಿಲ್ಲ. ಏನು ತಿನ್ನುತ್ತೀಯ ಅಂತ ಕೇಳುತ್ತಿದ್ದಳು, ಅಷ್ಟೇ. ಅವರು ಹೇಳಿದ ಮರ ಬರೆದು, ಅದರ ಬುಡದಲ್ಲಿ ಅವರನ್ನು ಬರೆಯುತ್ತಿದ್ದಳು. ಅಲ್ಲಿಗೆ ಆ ಮರ ಅವರದು. ಗೋಡೆಯ ಮೇಲೆ ಇಲ್ಲದವರು ಎಲೆಯ ಮೇಲೂ ಇರುವಂತಿಲ್ಲ, ಎಲೆಯ ಕೆಳಗೂ ಇರುವಂತಿಲ್ಲ. ಕಾವಲಿಗೆ ಗಾಳಿಯನ್ನು ಇಟ್ಟಿದ್ದರು. ಗಾಳಿ ಒಂದೊಂದು ಎಲೆಯನ್ನೂ ಮಗುಚಿ ಮಗುಚಿ ನೋಡುತ್ತಿತ್ತು. ಬರೆಯದವರು ಸಿಕ್ಕರೆ ಕೊಡವಿ ಬೀಳಿಸುತ್ತಿತ್ತು. ಮೊದಲ ಮಳೆ ಬೀಳುವ ತನಕ ಬರೆಯುವುದು, ಆಮೇಲೆ ಬರೆಯುವ ಹಾಗಿಲ್ಲ.

ಬಂದವು ನೋಡು, ಸಾಲುಸಾಲಾಗಿ! ಆನೆಗೆ ತನ್ನ ದಂತ ಗಿಡ್ಡವಾಯಿತು ಅಂತ ಸಿಟ್ಟು, ಎರಡು ಸಲ ಅಳಿಸಿ ಬರೆಸಿತು. ಮಂಗ ಒಂದೂ ಮರ ಬಿಡದೆ ಹೇಳಿತು. ಗಾತ್ರ ದೊಡ್ಡದಾದರೆ ಬಾಯಿಯೂ ದೊಡ್ಡದು, ಏನು ಮಾಡುವುದು.

ಆ ಸಾಲಿನಲ್ಲಿ ಒಂದು ಪತಂಗವೂ ಇತ್ತು. ರಾಗಿ ಕಾಳಿಗಿಂತ ಒಂಚೂರು ದೊಡ್ಡದು. ಅದರ ಆಯಸ್ಸೇ ಏಳು ದಿನ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿತ್ತು. ಪಾಪ, ಇನ್ನೇನು ತನ್ನ ಸರದಿ ಅನ್ನುವಾಗ ಯಾವುದೋ ಎಮ್ಮೆ ಉಸಿರು ಬಿಡುತ್ತಿತ್ತು, ಇದು ಹಾರಿಹೋಗಿ ಸಾಲಿನ ಕೊನೆಗೆ ಬೀಳುತ್ತಿತ್ತು. ಹೀಗೇ ಆರು ದಿನ ಕಳೆಯಿತು. ಆದರೂ ಅದು ವಾಪಸ್ಸು ಹೋಗಲಿಲ್ಲ, ಮಗಾ. ಆರನೆಯ ದಿನ ಸಂಜೆ ಹೇಗೋ ಬೋರಕ್ಕನ ಮುಂದೆ ಬಂದು ನಿಂತಿತು.

ಏನು ತಿನ್ನುತ್ತೀಯ ಅಂತ ಕೇಳಿದಳು ಬೋರಕ್ಕ.

"ನಾನು ಏನೂ ತಿನ್ನುವುದಿಲ್ಲ, ಅಕ್ಕ. ನನಗೆ ಬಾಯಿಯೇ ಇಲ್ಲ. ತಿನ್ನುವುದು ನನ್ನ ಮಕ್ಕಳು. ಅವು ಇನ್ನೂ ಹುಟ್ಟಿಲ್ಲ."

ಬೋರಕ್ಕ ಕೆಟ್ಟವಳಲ್ಲ. ಬೆಳಗಿನಿಂದ ಬರೆದು ಬರೆದು ತೋಳು ಸೋತಿತ್ತು, ಹಿಂದೆ ಇನ್ನೂ ಸಾವಿರ ಜೀವ ನಿಂತಿತ್ತು. ತಿನ್ನದವಳಿಗೆ ಮರ ಯಾಕೆ, ಹುಟ್ಟದವರನ್ನು ಹೇಗೆ ಬರೆಯುವುದು ಅಂದಳು. ಇದು ರಾಗಿ ಮೂಟೆಯ ಹುಳದ ಜಾತಿಯೇ ಇರಬೇಕು, ಅದನ್ನು ಆಗಲೇ ಬರೆದಾಗಿದೆ ಅಂತಲೂ ಅಂದಳು. ಬಗ್ಗಿ ನೋಡಲಿಲ್ಲ. ಸೆರಗಿನಿಂದ ಅತ್ತ ಸರಿಸಿದಳು. ಅದೇ ಅವಳು ಮಾಡಿದ ತಪ್ಪು.

ಪತಂಗ ಹಾರಲಾರದೆ ಹಾರಿ ಒಂದು ಹೊಂಗೆ ಮರದ ಬುಡಕ್ಕೆ ಬಂತು. ತನಗೆ ಇನ್ನು ಒಂದೇ ದಿನ, ಎಲೆ ಸಿಗದಿದ್ದರೆ ತನ್ನ ವಂಶವೇ ಇಲ್ಲವಾಗುತ್ತದೆ ಅಂತ ಹೊಂಗೆಯ ಹತ್ತಿರ ಹೇಳಿಕೊಂಡು ಅತ್ತಿತು. ಹೊಂಗೆಗೆ ಕರುಳು ಚುರ್ ಅಂದಿತು. ತಂಪು ಮರ ನೋಡು, ಅದರ ಮನಸ್ಸೂ ತಂಪು. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೀಗಂದಿತು:

"ಎಲೆಯ ಮೇಲೆ ಇರಬಾರದು ಅಂದಿದ್ದಾರೆ. ಎಲೆಯ ಕೆಳಗೆ ಇರಬಾರದು ಅಂದಿದ್ದಾರೆ. ಒಳಗೆ ಇರಬಾರದು ಅಂತ ಯಾರೂ ಅಂದಿಲ್ಲ, ತಾಯಿ."

ಮಾರನೆಯ ದಿನ ಮಧ್ಯಾಹ್ನ ಗಾಳಿ ಕೆರೆಗೆ ನೀರು ಕುಡಿಯಲು ಹೋಯಿತು. ಅಷ್ಟರಲ್ಲಿ ಪತಂಗ ಐದು ಎಲೆಗಳಿಗೆ ಐದು ಮೊಟ್ಟೆ ಅಂಟಿಸಿತು. ಅಷ್ಟಕ್ಕೇ ಅದರ ಶಕ್ತಿ ಮುಗಿಯಿತು. ಹೊಂಗೆಯ ಬೇರಿನ ಪಕ್ಕದಲ್ಲಿ ಬಿದ್ದು ಪ್ರಾಣ ಬಿಟ್ಟಿತು. ಮೊಟ್ಟೆ ಒಡೆದದ್ದನ್ನು ಅದು ನೋಡಲಿಲ್ಲ.

ಮರಿಗಳು ಹುಟ್ಟಿದ ಕೂಡಲೇ ಎಲೆಯ ಎರಡು ಸಿಪ್ಪೆಗಳ ನಡುವೆ ನುಸುಳಿದವು. ಗಾಳಿ ಬಂತು, ಎಲೆಯ ಮೇಲೆ ನೋಡಿತು, ಕೆಳಗೆ ನೋಡಿತು, ಯಾರೂ ಇಲ್ಲ ಅಂತ ಮುಂದೆ ಹೋಯಿತು. ಮರಿಗಳು ಒಳಗೊಳಗೇ ಹಸಿರನ್ನು ತಿನ್ನುತ್ತಾ ನಡೆದವು. ನಡೆದಷ್ಟು ದಾರಿಯೂ ಹಿಂದೆ ಬೆಳ್ಳಗೆ ಉಳಿಯಿತು.

ಆಮೇಲೆ ಒಂದು ಸಂಜೆ ಮೊದಲ ಮಳೆ ಬಿತ್ತು. ಬೋರಕ್ಕ ಕುಂಚ ತೊಳೆದಿಟ್ಟಳು. ಒಂದು ಜೀವವನ್ನೂ ಬಿಟ್ಟಿಲ್ಲ ಅಂತ ಅವಳಿಗೆ ಹೆಮ್ಮೆಯೋ ಹೆಮ್ಮೆ.

ಮರುದಿನ ಬೆಳಿಗ್ಗೆ ಕರಿಯಣ್ಣ ಹಲ್ಲುಜ್ಜಲು ಗೋಡೆಯ ಹತ್ತಿರವೇ ಇದ್ದ ಆ ಹೊಂಗೆಯ ಕಡ್ಡಿ ಮುರಿದ. ಕಡ್ಡಿಯಲ್ಲಿದ್ದ ಎಲೆ ನೋಡಿ ಹಲ್ಲುಜ್ಜುವುದನ್ನೇ ಮರೆತ. ಹೆಂಡತಿಗೆ ತಂದು ತೋರಿಸಿ, ಇದು ನಿನ್ನ ಕೈಬರಹವೇನು ಅಂತ ಕೇಳಿದ. ಅವಳದಲ್ಲ. ಅಷ್ಟರಲ್ಲಿ ಗಾಳಿಯೂ ಓಡಿ ಬಂತು. ತನಗೆ ಮೋಸವಾಗಿದೆ, ಒಂದು ಮಾತು ಹೇಳಿದರೆ ಇಂಥ ಎಲೆಗಳನ್ನೆಲ್ಲ ಈಗಲೇ ಹರಿದು ಹಾಕುತ್ತೇನೆ ಅಂತ ಕುದಿಯಿತು.

ಬೋರಕ್ಕ ಸುಮ್ಮನಿರು ಅಂತ ಕೈ ಮಾಡಿದಳು. ಎಲೆಯನ್ನು ಬಿಸಿಲಿಗೆ ಹಿಡಿದು, ಈ ಸಲ ಕಣ್ಣಿಟ್ಟು ನೋಡಿದಳು. ಗೆರೆ ಶುರುವಾಗುವಲ್ಲಿ ಕೂದಲಿನಷ್ಟು ಸಣ್ಣ, ಮರಿ ಆಗ ತಾನೇ ಹುಟ್ಟಿದ್ದು. ದಪ್ಪ ನರ ಅಡ್ಡ ಬಂದಲ್ಲಿ ದಾಟಲಾಗದೆ ಹಿಂದೆ ತಿರುಗಿತ್ತು. ಮುಂದೆ ಗೆರೆ ಅಗಲವಾಗಿತ್ತು, ಮರಿಗೆ ಮೈ ಬಂದಿತ್ತು. ಹಿಕ್ಕೆಯನ್ನು ಕೂಡ ನಡುವಿನಲ್ಲಿ ಸಾಲಾಗಿ ಇಟ್ಟಿತ್ತು, ಏನು ಅಚ್ಚುಕಟ್ಟು ಅಂತೀಯ! ಗೆರೆಯ ಕೊನೆಯಲ್ಲಿ ಎಲೆಯ ಅಂಚು ಮಡಚಿ ಒಂದು ಪುಟ್ಟ ಕೋಣೆ.

ಏನು ತಿನ್ನುತ್ತೀಯ ಅಂತ ತಾನು ಕೇಳಿದ್ದಕ್ಕೆ ಉತ್ತರ ಪೂರಾ ಅಲ್ಲಿತ್ತು.

ಅವಳು ನೋಡುತ್ತಿದ್ದ ಹಾಗೆಯೇ ಆ ಕೋಣೆ ಬಿರಿಯಿತು. ಒಂದು ಪತಂಗ ಹೊರಗೆ ಬಂದು ಅವಳ ಅಂಗೈ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡಿತು. ಬೆಳ್ಳಿ ಬಣ್ಣದ ರೆಕ್ಕೆ, ಅದಕ್ಕೆ ಅಡ್ಡಲಾಗಿ ಎರಡು ಚಿನ್ನದ ಪಟ್ಟೆ, ತುದಿಯಲ್ಲಿ ಒಂದು ಕಪ್ಪು ಬೊಟ್ಟು, ಅಂಚಿಗೆಲ್ಲ ಕುಚ್ಚು. ಎಷ್ಟು ಚಂದ, ಮಗಾ! ನವಿಲು ಇಡೀ ಮೈಗೆ ಹರಡಿಕೊಂಡ ಅಂದವನ್ನು ಇದು ಉಗುರಿನ ತುದಿಯಷ್ಟು ಜಾಗದಲ್ಲಿ ಇಟ್ಟುಕೊಂಡಿತ್ತು.

ಇದರ ಅಮ್ಮ ಎಲ್ಲಿ ಅಂತ ಬೋರಕ್ಕ ಕೇಳಿದಳು. ಹೊಂಗೆ ತನ್ನ ಬೇರಿನ ಕಡೆ ತೋರಿಸಿತು. ಬೋರಕ್ಕನ ಕಣ್ಣಲ್ಲಿ ನೀರು ತುಂಬಿತು. ಮೂಟೆಯ ಹುಳ ಅಂದುಬಿಟ್ಟೆನಲ್ಲ, ಬಗ್ಗಿ ನೋಡಿದ್ದರೆ ಸಾಕಿತ್ತಲ್ಲ ಅಂತ ಹಣೆ ಚಚ್ಚಿಕೊಂಡಳು. ಓಡಿಹೋಗಿ ಕುಂಚ ತಂದು ಗೋಡೆಯ ಮೇಲಿನ ಹೊಂಗೆಯ ಬುಡದಲ್ಲಿ ಬರೆಯಲು ನೋಡಿದಳು. ಆದರೆ ಕುಂಚದ ಒಂದು ನಾರೇ ಪತಂಗಕ್ಕಿಂತ ದಪ್ಪ. ಬರೆದಷ್ಟೂ ಸುಣ್ಣದ ಮಚ್ಚೆ, ಅಷ್ಟೇ.

ಮಳೆ ಬಿದ್ದಾಯಿತು, ಇನ್ನು ಬರೆಯುವ ಹಾಗಿಲ್ಲ ಅಂತ ಗಾಳಿ ನೆನಪು ಮಾಡಿತು.

ಬೋರಕ್ಕ ಕುಂಚ ಕೆಳಗಿಟ್ಟಳು. "ಮಳೆಗೆ ಮೊದಲೇ ಬರೆದಾಗಿದೆ," ಅಂದಳು. "ಬರೆದವಳು ನಾನಲ್ಲ, ಅಷ್ಟೇ. ಈ ಎಲೆಯೇ ಇದರ ಗೋಡೆ."

ಗಾಳಿ ತಲೆ ತಗ್ಗಿಸಿತು. ನಿನಗೆ ಎಷ್ಟು ಮರ ಬೇಕು ಕೇಳಿಕೋ ಅಂತ ಬೋರಕ್ಕ ಹೇಳಿದಾಗ, ಆ ಪತಂಗ ಕೇಳಿದ್ದು ಒಂದು ಮಗುವಿಗೆ ಒಂದು ಎಲೆ. ಅದಕ್ಕೇ ಅವು ಇವತ್ತಿಗೂ ಕಡಿಮೆ, ಎಲ್ಲ ಮರದಲ್ಲೂ ಸಿಗುವುದಿಲ್ಲ.

ಬೋರಕ್ಕನ ಗೋಡೆ ಎಷ್ಟೋ ಮಳೆಗಳಿಗೆ ಕರಗಿ ಮಣ್ಣಾಯಿತು. ಆನೆಯ ದಂತವೂ ಹೋಯಿತು, ಮಂಗನ ಮರಗಳೂ ಹೋದವು. ಆದರೆ ನೀನು ಹೊಂಗೆಯ ಕೆಳಗೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದಾಗ, ಯಾವುದೋ ಒಂದು ಎಲೆಯಲ್ಲಿ ಡೊಂಕುಡೊಂಕಾದ ಬಿಳಿ ಗೆರೆ ಕಂಡರೆ, ಅದನ್ನು ಕೀಳಬೇಡ, ಮಗಾ. ತಾಯಿಯನ್ನು ನೋಡದ ಒಂದು ಮಗು ತಾನು ಇದ್ದೇನೆ ಅಂತ ಒಳಗಿನಿಂದ ಇನ್ನೂ ಬರೆಯುತ್ತಾ ಇರುತ್ತದೆ.