ಸಾಕ್ಷಿಗೆ ಇಟ್ಟ ಬಾಟಲಿ

"ಅಯ್ಯನವರೇ, ಪಾಪಕ್ಕೆ ಎಳೆಯುವ ಶೋಧನೆ ಬಂದಾಗ ಅದರ ಎದುರಿಗೆ ನಿಂತು ಗೆಲ್ಲಬೇಕೋ, ತಪ್ಪಿಸಿಕೊಂಡು ಓಡಬೇಕೋ?" ಎಂದು ಶಿಷ್ಯ ಕೇಳಿದ. ಓಡುವವನ ನಂಬಿಕೆ ಎಳೆಯದು, ಬೆಳೆದ ನಂಬಿಕೆ ನಿಂತು ನೋಡುತ್ತದೆ ಎಂದು ಚರ್ಚಿನ ಸಭೆಯ ಹಿರಿಯರು ಅವನಿಗೆ ಹೇಳಿದ್ದರು. ಅವನಿಗೂ ನಿಂತು ನೋಡುವ ಆಸೆ ಇತ್ತು.

ಉಪದೇಶಿ ಯೋಬಪ್ಪನವರು ಈ ಕತೆ ಹೇಳಿದರು.

ಒಬ್ಬ ಗಾರೆ ಕೆಲಸದವನಿದ್ದ. ಹದಿನಾರು ವರ್ಷ ಕುಡಿದ. ಹೆಂಡತಿಯನ್ನು ಹೊಡೆದ. ಒಂದು ದಿನ ಸಭೆಗೆ ಬಂದು ಮಂಡಿಯೂರಿದ. ಬಿಟ್ಟ. ನಿಜವಾಗಿಯೂ ಬಿಟ್ಟ. ಕ್ರಿಸ್ತನು ಅವನ ಕೈ ಹಿಡಿದದ್ದು ಸುಳ್ಳಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬಿಟ್ಟ ದಿನ ಮನೆಯಲ್ಲಿ ಮುಚ್ಚಳ ತೆಗೆಯದ ಒಂದು ಸಾರಾಯಿ ಬಾಟಲಿ ಉಳಿದಿತ್ತು. ಹೆಂಡತಿ ಚರಂಡಿಗೆ ಸುರಿಯಲು ಹೊರಟಳು. ಅವನು ಬೇಡವೆಂದ. ಬೈಬಲ್ ಇಡುವ ಹಲಗೆಯ ಮೇಲೆ ಅದನ್ನೂ ಇಟ್ಟ. ದಿನಾ ನೋಡುತ್ತೇನೆ, ಮುಟ್ಟುವುದಿಲ್ಲ, ಇದೇ ನನ್ನ ಸಾಕ್ಷಿ ಎಂದ.

ನಮ್ಮ ಸಭೆಗಳಲ್ಲಿ ಭಾನುವಾರ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ತನಗೆ ಏನು ಮಾಡಿದನೆಂದು ಎದ್ದು ನಿಂತು ಹೇಳಬೇಕು. ಸುಮ್ಮನೆ ಕುಡಿಯದೆ ಕೆಲಸಕ್ಕೆ ಹೋಗಿ ಮನೆಗೆ ಬರುವವನಿಗೆ ಅಲ್ಲಿ ಹೇಳಲು ಏನೂ ಇರುವುದಿಲ್ಲ. ಇವನಿಗೆ ಬಾಟಲಿ ಇತ್ತು. ಪ್ರತಿ ಭಾನುವಾರ ಟವೆಲಿನಲ್ಲಿ ಸುತ್ತಿ ತಂದು, ಮೇಲೆತ್ತಿ, ಮುಚ್ಚಳ ತೋರಿಸುತ್ತಿದ್ದ. ಜನ ಹಲ್ಲೆಲೂಯಾ ಎನ್ನುತ್ತಿದ್ದರು. ಬೇರೆ ಊರಿನ ಪ್ರಸಂಗಿಗಳು ಕರೆಸಿಕೊಂಡರು. ಅವನನ್ನು ಕರೆದರೋ, ಬಾಟಲಿಯನ್ನು ಕರೆದರೋ ದೇವರಿಗೇ ಗೊತ್ತು. ಹೆಂಡತಿ ವಾರಕ್ಕೊಮ್ಮೆ ಅದರ ದೂಳು ಒರೆಸುತ್ತಿದ್ದಳು.

ಅದೇ ಸಭೆಯಲ್ಲಿ ಸುಣ್ಣಬಣ್ಣದ ಕೆಲಸ ಮಾಡುವವನೊಬ್ಬನಿದ್ದ. ಅವನೂ ಕುಡುಕ. ಕ್ರಿಸ್ಮಸ್ಸಿಗೆ ಮುಂಚೆ ಚರ್ಚಿನ ಗಂಟೆ ಗೋಪುರಕ್ಕೆ ಸುಣ್ಣ ಬಳಿಯುವ ಕೆಲಸ ಅವನಿಗೆ ಸಿಕ್ಕಿತು. ಕುಡಿದು ಏಣಿ ಹತ್ತಿದರೆ ಉಳಿಯುವುದಿಲ್ಲವೆಂದು ಅವನ ಹೆಂಡತಿಗೆ ಭಯ. ಅವಳು ಗಾರೆಯವನ ಮನೆಗೆ ಬಂದು ಕೈಮುಗಿದಳು. ನೀವು ಗೆದ್ದವರು, ಕೆಲಸ ಮುಗಿಯುವವರೆಗೆ ಇವನನ್ನು ಜೊತೆಯಲ್ಲಿಟ್ಟುಕೊಳ್ಳಿ ಎಂದಳು. ಅವನು ಸಂತೋಷದಿಂದ ಒಪ್ಪಿದ.

ಬಂದ ದಿನವೇ ಬಣ್ಣದವನು ಹಲಗೆಯ ಕಡೆ ನೋಡಿದ.

"ಅಣ್ಣಾ, ಅದನ್ನು ಬೇರೆ ಎಲ್ಲಾದರೂ ಇಡು. ಅದನ್ನು ನೋಡಿದರೆ ನಿನಗೆ ದೇವರು ಕಾಣುತ್ತಾನೆ. ನನಗೆ ಅದೇ ದೇವರಂತೆ ಕಾಣುತ್ತದೆ."

"ಹಾಗಾದರೆ ನಿನ್ನ ಪ್ರಾರ್ಥನೆ ಸಾಲದು ತಮ್ಮಾ. ಚಾಪೆಯನ್ನು ಅದರ ಕೆಳಗೇ ಹಾಸಿಕೋ. ನಾನು ಗೆದ್ದದ್ದು ಹಾಗೆಯೇ."

ಅವನು ಹಾಸಿಕೊಂಡ. ಎಂಟು ದಿನ ತಡೆದ. ಊಟ ಸೇರುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಕೀರ್ತನೆ ಹಾಡುತ್ತಿದ್ದ. ಮನೆಗೆ ಬಂದವರಿಗೆಲ್ಲ ಗಾರೆಯವನು ಅವನನ್ನು ತೋರಿಸಿ, ನೋಡಿ, ವಿಶ್ವಾಸದಲ್ಲಿ ಬೆಳೆಯುತ್ತಿದ್ದಾನೆ ಎನ್ನುತ್ತಿದ್ದ. ಆ ಮನುಷ್ಯ ಬೆಳೆಯುತ್ತಿರಲಿಲ್ಲ. ಬೇಯುತ್ತಿದ್ದ.

ಒಂಬತ್ತನೆಯ ದಿನ ಗಾರೆಯವನ ಹೆಂಡತಿ ನೋಡಲಾರದೆ ಬಾಟಲಿಯನ್ನು ಜೋಳದ ಚೀಲದೊಳಗೆ ಹುದುಗಿಸಿಟ್ಟಳು. ಗಂಡ ಇಡೀ ಮನೆ ಹುಡುಕಿ ಅದನ್ನು ಹೊರಗೆ ತೆಗೆದ. ನಾಳೆ ಭಾನುವಾರ, ಸಭೆಯಲ್ಲಿ ಬರಿಗೈಯಲ್ಲಿ ಎದ್ದು ನಿಲ್ಲಲೇ ಎಂದು ಬೈದ. ಅಲ್ಪವಿಶ್ವಾಸಿ ಎಂದು ಹೀಯಾಳಿಸಿದ. ಬಾಟಲಿಯನ್ನು ಮತ್ತೆ ಹಲಗೆಯ ಮೇಲಿಟ್ಟು, ಯಾರದೋ ಮನೆಯ ಪ್ರಾರ್ಥನಾ ಕೂಟಕ್ಕೆ ಹೋದ. ಅವಳು ನೀರಿಗೆ ಹೋದಳು. ಕೆಲಸಕ್ಕೆ ಹೊರಡಬೇಕಿದ್ದ ಬಣ್ಣದವನೊಬ್ಬನೇ ಮನೆಯಲ್ಲಿ ಉಳಿದ.

ಅವಳು ತಿರುಗಿ ಬರುವಾಗ ಚಾಪೆ ಖಾಲಿ, ಬಾಟಲಿಯೂ ಖಾಲಿ. ಕೊಡ ಅಲ್ಲಿಯೇ ಬಿಟ್ಟು ಚರ್ಚಿನ ಕಡೆ ಓಡಿದಳು. ಗೋಪುರದ ಕೆಳಗೆ ಆಗಲೇ ಜನ ಸೇರಿದ್ದರು. ಬಿದ್ದವನ ಮೈಮೇಲೆ ಸುಣ್ಣದ ಬಕೆಟ್ಟು ಮಗುಚಿತ್ತು.

ಭಾನುವಾರ ಬೆಳಿಗ್ಗೆ ಅವನನ್ನು ಹೂಳಿದರು. ಆಮೇಲೆ ಆರಾಧನೆ ನಡೆಯಿತು. ಸಾಕ್ಷಿಯ ಹೊತ್ತಿಗೆ ಗಾರೆಯವನು ಎದ್ದು ನಿಂತು ಟವೆಲು ಬಿಚ್ಚಿದ. ಮುಚ್ಚಳ ತೆರೆದಿತ್ತು, ವಾಸನೆ ಮನೆಯನ್ನೇ ತುಂಬಿತ್ತು, ತಮ್ಮನಂಥವನನ್ನು ಕಳೆದುಕೊಂಡ ಸಂಕಟ ಬೇರೆ, ಆದರೂ ತಳದಲ್ಲಿ ಉಳಿದ ಒಂದು ತೊಟ್ಟನ್ನೂ ನಾನು ನಾಲಗೆಗೆ ಮುಟ್ಟಿಸಲಿಲ್ಲ ಎಂದ. ಅವನು ಅಳುತ್ತಿದ್ದ. ಜನರೂ ಅಳುತ್ತ ಹಲ್ಲೆಲೂಯಾ ಎಂದರು. ಹಿಂದಿನ ಬೆಂಚಿನಲ್ಲಿ ಸತ್ತವನ ಹೆಂಡತಿ ಕೂತಿದ್ದಳು. ಅವಳ ಸಾಕ್ಷಿಯನ್ನು ಯಾರೂ ಕೇಳಲಿಲ್ಲ.

ಯೋಬಪ್ಪನವರು ನಿಲ್ಲಿಸಿದರು. ಶಿಷ್ಯ ಅಳುಕುತ್ತ ಕೇಳಿದ:

"ಆದರೂ ಅಯ್ಯನವರೇ, ಕುಡಿಯಲಿಲ್ಲವಲ್ಲ. ಗಾರೆಯವನು ಕೊನೆಯವರೆಗೂ ಶೋಧನೆಯನ್ನು ಗೆದ್ದ ಹಾಗೆಯೇ ಅಲ್ಲವೇ?"

"ಗೆದ್ದ, ಹೆಣ ಮಾತ್ರ ಇನ್ನೊಬ್ಬನದು."