ಮುಡಿಗೆ ಆಗುವಷ್ಟು ಹೂವು

"ಅಜ್ಜಯ್ಯಾ, ಒಂದು ಕತೆಯಲ್ಲಿ ಪ್ರೀತಿ ಎಷ್ಟಿರಬೇಕು?"

ಈರಭದ್ರ ಹೀಗೆ ಕೇಳಿದಾಗ ಮಠದ ಸ್ವಾಮಿಗಳಾದ ಅಜ್ಜಯ್ಯ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅಡುಗೆಯ ಸಿದ್ದವ್ವ ಕೂತಿದ್ದಳು. ಸಾರಿಗೆ ಉಪ್ಪು ಎಷ್ಟು ಎಂದು ಕೇಳಿದ್ದರೆ ಅವಳೇ ಹೇಳಿಬಿಡುತ್ತಿದ್ದಳು. ಪ್ರೀತಿ ಎಷ್ಟು ಎಂದರೆ ಯಾರು ಹೇಳಬೇಕು? ಅವಳು ಕೈ ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದಳು.

ಈರಭದ್ರ ಮಠಕ್ಕೆ ಬಂದು ಸೇರಿದ ಶಿಷ್ಯ. ಬೆಳಿಗ್ಗೆ ಪೂಜೆಗೆ ನೀರು ತರುತ್ತಿದ್ದ, ಮಧ್ಯಾಹ್ನ ದಾಸೋಹಕ್ಕೆ ಎಲೆ ಹಾಕುತ್ತಿದ್ದ, ಉಳಿದ ಹೊತ್ತಿನಲ್ಲಿ ಪ್ರೇಮದ ಕಾದಂಬರಿ ಬರೆಯುತ್ತಿದ್ದ. ಮಠದಲ್ಲಿ ಕೂತು ಬರೆಯುವಂಥದ್ದೇ ಅದು? ಎಂದು ಬಂದ ಭಕ್ತರು ಹುಬ್ಬೇರಿಸಿದರೆ ಅಜ್ಜಯ್ಯ, "ಬರೀಲಿ ಬಿಡಿ, ಯಾರ ಮನೆಯ ಬೇಲಿಯನ್ನೂ ಹಾರಿಲ್ಲವಲ್ಲ" ಎನ್ನುತ್ತಿದ್ದರು.

ಅವನ ಆಸೆಯೇನೂ ಬೆಟ್ಟದಷ್ಟು ದೊಡ್ಡದಲ್ಲ. ಪೇಟೆಯ ಬಸ್ ನಿಲ್ದಾಣದಲ್ಲಿ ಒಂದು ಪುಸ್ತಕದ ಅಂಗಡಿ ಇತ್ತು. ಅಲ್ಲಿ ಬಟ್ಟೆ ಒಣಹಾಕಿದ ಹಾಗೆ ಹಗ್ಗಕ್ಕೆ ಕಾದಂಬರಿಗಳನ್ನು ನೇತುಹಾಕಿರುತ್ತಿದ್ದರು. ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಒಂದನ್ನು ಎಳೆದು ನೋಡಿ, ಇನ್ನೊಂದನ್ನು ಕೊಳ್ಳುತ್ತಿದ್ದರು. ಆ ಹಗ್ಗದಲ್ಲಿ ತನ್ನದೂ ಒಂದು ತೂಗಬೇಕು. ಯಾರೋ ಒಬ್ಬಳು ಅದನ್ನು ಕೊಂಡು, ಓದುತ್ತ ಓದುತ್ತ ತನ್ನ ಊರು ಬಂದದ್ದನ್ನೂ ಮರೆತು ಮುಂದಿನ ಊರಿನಲ್ಲಿ ಇಳಿಯಬೇಕು. ಇಷ್ಟೇ ಅವನಿಗೆ ಬೇಕಾದದ್ದು.

ಆದರೆ ಆ ಹಗ್ಗದವರೆಗೆ ಹೋಗುವ ದಾರಿಯೇ ಅವನಿಗೆ ಗೊತ್ತಾಗಲಿಲ್ಲ. ಮೊದಲ ಪ್ರಕಾಶಕರು, "ಬರವಣಿಗೆ ಚೆನ್ನಾಗಿದೆ, ಪ್ರೀತಿ ಸಾಲದು" ಎಂದು ಕತೆಯನ್ನು ಹಿಂದಕ್ಕೆ ಕಳಿಸಿದರು. ಈರಭದ್ರ ಕೂತು ಪ್ರೀತಿ ಹಾಕಿದ. ಎರಡು ಕಡೆ ಬೆಳದಿಂಗಳು ಹಾಕಿದ, ಒಂದು ಕಡೆ ಮಳೆ ಸುರಿಸಿದ, ನಾಯಕಿಯನ್ನು ಒಮ್ಮೆ ಮೂರ್ಛೆ ಬೀಳಿಸಿದ. ಎರಡನೆಯ ಪ್ರಕಾಶಕರು, "ಪ್ರೀತಿ ಅತಿಯಾಯಿತು, ಪುಟ ತಿರುವಿದರೆ ಬೆರಳಿಗೆ ಅಂಟುತ್ತದೆ" ಎಂದರು. ಕೂತು ತೆಗೆದ. ನಾಯಕಿಯ ಹೆಸರು ಹಳೆಯ ಕಾಲದ್ದಾಯಿತು ಎಂದು ಯಾರೋ ಅಂದರು. ಕುಮುದಿನಿ ಹೋಗಿ ಅನನ್ಯಾ ಆದಳು. ಆಮೇಲೆ ಒಂದು ವಾರಪತ್ರಿಕೆಗೆ ಕಳಿಸಿದ. ಅವರು, "ಎಲ್ಲವೂ ಹದವಾಗಿದೆ, ಆದರೆ ನಮಗೆ ಬೇಡ" ಎಂದರು. ಯಾಕೆ ಬೇಡ ಎಂದು ಹೇಳಲಿಲ್ಲ.

ಹೇಳಿದವರೆಲ್ಲ ತಿಳಿದವರೇ. ಹೇಳಿದ್ದರಲ್ಲಿ ಸುಳ್ಳು ಯಾವುದೂ ಇದ್ದ ಹಾಗೆ ಕಾಣಲಿಲ್ಲ. ಆದರೂ ಒಬ್ಬರ ಮಾತನ್ನು ಹಿಡಿದರೆ ಇನ್ನೊಬ್ಬರ ಮಾತು ತಪ್ಪುತ್ತಿತ್ತು. ಈರಭದ್ರನಿಗೆ ತಲೆಯೇ ಓಡಲಿಲ್ಲ.

ಇವತ್ತು ಆ ಗೊಂದಲ ಕುತ್ತಿಗೆಗೆ ಬಂದಿತ್ತು. ಮಠದ ಭಕ್ತರಾದ ಟೈಲರ್ ನಾಗಲಿಂಗಪ್ಪನವರು ಪ್ರಸಾದ ಮುಗಿಸಿ ಮೋಟಾರು ಬೈಕಿನಲ್ಲಿ ಪೇಟೆಗೆ ಹೊರಡುವವರಿದ್ದರು. ಅವರ ಬೀದಿಯಲ್ಲೇ ಇನ್ನೊಬ್ಬ ಪ್ರಕಾಶಕರ ಮನೆ. ಕತೆಯ ಕಟ್ಟನ್ನು ನಾನೇ ಮುಟ್ಟಿಸುತ್ತೇನೆ ಎಂದಿದ್ದರು. ಇದೂ ಆಗದಿದ್ದರೆ ಬರೆಯುವುದನ್ನು ಬಿಟ್ಟು ಸೋದರಮಾವನ ಸಿಮೆಂಟ್ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. ಈರಭದ್ರನ ಮಡಿಲಲ್ಲಿ ಈಗ ಎರಡು ಕಟ್ಟುಗಳಿದ್ದವು. ಒಂದರಲ್ಲಿ ಪ್ರೀತಿ ಹೆಚ್ಚು, ಇನ್ನೊಂದರಲ್ಲಿ ಕಮ್ಮಿ. ಯಾವುದನ್ನು ಕೊಡಬೇಕು?

"ಎರಡೂ ಕೊಟ್ಟು ಕಳಿಸು ತಮ್ಮಾ," ಎಂದಳು ಸಿದ್ದವ್ವ. "ಒಂದಕ್ಕೆ ಉಪ್ಪು ಜಾಸ್ತಿ, ಒಂದಕ್ಕೆ ಉಪ್ಪು ಕಮ್ಮಿ. ಅವರೇ ಕಲಸಿಕೊಂಡು ಉಣ್ಣಲಿ."

"ನಿಮಗೆ ತಮಾಷೆ, ಸಿದ್ದಕ್ಕಾ."

"ತಮಾಷೆ ಅಲ್ಲಪ್ಪ. ಅವತ್ತು ನಿನ್ನ ಕತೆ ನನಗೆ ಓದಿ ಹೇಳಿದೆಯಲ್ಲ, ಅವತ್ತಿನಿಂದ ಕೇಳಬೇಕು ಅಂತಿದ್ದೆ. ಆ ಹುಡುಗಿ ಕತೆ ಮುಗಿಯೋತನಕ ಒಂದು ತುತ್ತು ಉಣ್ಣಲಿಲ್ಲ. ಬರೀ ಕಿಟಕೀಲಿ ನಿಂತಿದ್ದಳು. ಹೊಟ್ಟೆಗೇನು ಮಾಡ್ತಾಳೆ?"

"ಅವಳು ನಾಯಕಿ."

"ನಾಯಕಿ ಆದರೆ ಹಸಿವಾಗಲ್ಲವಾ?"

ಈರಭದ್ರ ಮುಖ ಊದಿಸಿಕೊಂಡ. ಅಜ್ಜಯ್ಯ ಬಿಡಿಸಿದ ಕಾಳನ್ನು ಮೊರದ ಒಂದು ಕಡೆಗೆ ಸರಿಸಿದರು. "ಈರಭದ್ರಾ, ಒಂದು ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಕಬ್ಬಿಣದ ಗಜಕಡ್ಡಿ ಇತ್ತು. ಅದರಲ್ಲಿ ಅಳೆದು ಕೊಟ್ಟ ಬಟ್ಟೆ ಒಂದು ಬೆರಳು ಹೆಚ್ಚು ಬರುತ್ತಿರಲಿಲ್ಲ, ಒಂದು ಬೆರಳು ಕಮ್ಮಿ ಬರುತ್ತಿರಲಿಲ್ಲ. ಯಾರಿಗೆ ಎಷ್ಟು ಬಟ್ಟೆ ಬೇಕು ಎಂಬುದು ಆಳನ್ನು ನೋಡಿದರೇ ಅವನಿಗೆ ತಿಳಿಯುತ್ತಿತ್ತು. ಊರವರು ಅವನ ಅಂಗಡಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದರು.

ಹೆಂಡತಿಯ ಮೇಲೆ ಅವನು ಪ್ರಾಣವನ್ನೇ ಇಟ್ಟುಕೊಂಡಿದ್ದ. ಆ ವರ್ಷ ಬೇಸಿಗೆಯಲ್ಲಿ ಅವಳಿಗೆ ವಿಷಮಜ್ವರ ಬಂತು. ವೈದ್ಯರು ಹೇಳಿದ ಔಷಧವನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕುಡಿಸಿದ. ಜ್ವರ ಬಿಟ್ಟಿತು. ಅವಳು ಎದ್ದು ಓಡಾಡಿದಳು. ತಲೆಯ ಮೇಲೆ ಹೊದ್ದ ಸೆರಗು ಮಾತ್ರ ಅಂದಿನಿಂದ ಕೆಳಗೆ ಇಳಿಯಲಿಲ್ಲ. ಜ್ವರದಿಂದ ಎದ್ದವಳು, ಗಾಳಿಗೆ ಹೆದರುತ್ತಾಳೆ ಎಂದುಕೊಂಡ ವ್ಯಾಪಾರಿ. ಅವಳ ಮಾತೂ ಕಡಿಮೆಯಾಗಿತ್ತು. ನಿಶ್ಶಕ್ತಿ ಇರಬೇಕು ಎಂದುಕೊಂಡ.

ಹೀಗೇ ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಅವನು ಅಂಗಡಿಗೆ ಹೊರಟಾಗ ಅವಳು ಬಾಗಿಲಿನವರೆಗೆ ಬಂದಳು.

"ಬರುವಾಗ ಹೂವು ತನ್ನಿ," ಎಂದಳು.

ಜ್ವರ ಬಿಟ್ಟ ಮೇಲೆ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ವ್ಯಾಪಾರಿಗೆ ಎದೆ ತುಂಬಿ ಬಂತು. "ಎಷ್ಟು ತರಲಿ?" ಎಂದ.

"ಮುಡಿಗೆ ಆಗುವಷ್ಟು," ಎಂದು ಅವಳು ನಕ್ಕು ಒಳಗೆ ಹೋದಳು.

ಮುಡಿಗೆ ಆಗುವಷ್ಟು ಎಂದರೆ ಎಷ್ಟು? ಅಂಗಡಿಯಲ್ಲಿ ಕೂತ ವ್ಯಾಪಾರಿಗೆ ಇಡೀ ದಿನ ಅದೇ ಯೋಚನೆ. ರವಿಕೆಗೆ ಆಗುವಷ್ಟು ಎಂದಿದ್ದರೆ ಕತ್ತರಿಸಿ ಕೊಡುತ್ತಿದ್ದ. ಪಂಚೆಗೆ ಆಗುವಷ್ಟು ಎಂದಿದ್ದರೂ ಕೊಡುತ್ತಿದ್ದ. ಮುಡಿಯ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಸಂಜೆ ಹೂವಿನ ಬೀದಿಗೆ ಹೋಗಿ, ಎದುರಿಗೆ ಸಿಕ್ಕ ಹೂವಾಡಗಿತ್ತಿಯ ಹತ್ತಿರ ಒಂದು ಮೊಳ ಮಲ್ಲಿಗೆ ಕೇಳಿದ. ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು, ಕಿತ್ತು, ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟಳು. ವ್ಯಾಪಾರಿ ಪೊಟ್ಟಣವನ್ನು ತಂದು ಹೆಂಡತಿಯ ಕೈಯಲ್ಲಿಟ್ಟು ಕಾಲು ತೊಳೆಯಲು ಹೋದ. ಬಂದು ನೋಡಿದರೆ ಹೂವು ದೇವರ ಪಟದ ಮೇಲಿತ್ತು.

ಸಾಲಲಿಲ್ಲ, ಅದಕ್ಕೇ ದೇವರಿಗೆ ಏರಿಸಿದಳು ಎಂದುಕೊಂಡ. "ಕಮ್ಮಿಯಾಯಿತೇ?" ಎಂದು ಕೇಳಿದ. "ಹಾಗೇನಿಲ್ಲ," ಎಂದಳು. ಬಟ್ಟೆ ಒಪ್ಪಿಗೆಯಾಗದ ಗಿರಾಕಿ ಹೇಳುವ ಮಾತೂ ಅದೇ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಬೇರೆ ಹೂವಾಡಗಿತ್ತಿಯ ಹತ್ತಿರ ಹೋದ. ಇವಳು ಎತ್ತರದ ಹೆಂಗಸು, ಕೈಯೂ ಉದ್ದ. ಅವಳ ಕೈಯಲ್ಲಿ ಎರಡು ಮೊಳ ಅಳೆಸಿಕೊಂಡ. ಪೊಟ್ಟಣ ತಂದು ಹೆಂಡತಿಯ ಕೈಯಲ್ಲಿಟ್ಟು ಕಾಲು ತೊಳೆಯಲು ಹೋದ. ಬೆಳಗಾದ ಮೇಲೆ ನೋಡಿದರೆ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳೆಲ್ಲ ಅದೇ ಮಲ್ಲಿಗೆ ಮುಡಿದು ನೀರಿಗೆ ಹೊರಟಿದ್ದರು. ಒಬ್ಬಳು ನಿಂತು, "ಏನಣ್ಣಾ, ಮದುವೆ ಚಪ್ಪರಕ್ಕೆ ತರೋದನ್ನ ಮನೆಗೆ ತಂದಿದ್ದೀರಿ!" ಎಂದು ನಗಾಡಿದಳು. ಹೆಚ್ಚಾಯಿತು, ಅದಕ್ಕೇ ಹಂಚಿದಳು ಎಂದುಕೊಂಡ.

ಒಬ್ಬಳ ಒಂದು ಮೊಳ ಸಾಲದು, ಇನ್ನೊಬ್ಬಳ ಎರಡು ಮೊಳ ಹೆಚ್ಚು; ಒಬ್ಬಳ ಕೈ ಗಿಡ್ಡ, ಇನ್ನೊಬ್ಬಳ ಕೈ ಉದ್ದ. ಹೆಸರು ಮಾತ್ರ ಎರಡಕ್ಕೂ ಮೊಳವೇ. ಹೀಗೆ ಕೈಗೊಂದು ಅಳತೆಯಾದರೆ ಮನುಷ್ಯ ಯಾವುದನ್ನು ನಂಬಬೇಕು? ತಪ್ಪು ಎಲ್ಲಿದೆ ಎಂದು ತನಗೆ ತಿಳಿಯಿತು ಅಂದುಕೊಂಡ. ಆ ಸಂಜೆ ಅಂಗಡಿಯಿಂದ ಗಜಕಡ್ಡಿಯನ್ನೇ ಎತ್ತಿಕೊಂಡು ಹೂವಿನ ಬೀದಿಗೆ ಹೋದ.

"ನೀನು ಕೊಟ್ಟಿದ್ದೂ ಮೊಳ, ಅವಳು ಕೊಟ್ಟಿದ್ದೂ ಮೊಳ. ನಿಜವಾದ ಮೊಳ ಯಾವುದು, ಇವತ್ತು ಇತ್ಯರ್ಥವಾಗಲಿ," ಎಂದ.

"ಸಾವ್ಕಾರ್ರೇ, ಮೊದಲು ಆ ಕಬ್ಬಿಣ ಆಚೆ ತೆಗೀರಿ. ಹೂವಿನ ಮೇಲೆ ಬಿದ್ದೀತು," ಎಂದಳು ಗಿಡ್ಡ ಕೈಯವಳು.

"ನನ್ನ ಕೈ ಉದ್ದ ಇರೋದೂ ತಪ್ಪಾ? ಕೊಯ್ಕೊಳ್ಳಲಾ?" ಎಂದಳು ಉದ್ದ ಕೈಯವಳು.

ಜನ ಸೇರಿದರು. ಊರಿನ ಹಿರಿಯರು ಬಂದರು. ಒಬ್ಬರು ಗಿಡ್ಡ ಕೈಯ ಪರ ಮಾತಾಡಿದರು, ಒಬ್ಬರು ಉದ್ದ ಕೈಯ ಪರ ಮಾತಾಡಿದರು. ಕಡೆಗೆ ಎರಡೂ ಕೈಯನ್ನು ಅಳೆದು, ನಡುವಿನ ಅಳತೆ ಹಿಡಿದು, ಒಂದು ಬಿದಿರಿನ ಕಡ್ಡಿಯನ್ನು ಕತ್ತರಿಸಿದರು. ಇನ್ನು ಮುಂದೆ ಈ ಊರಿನಲ್ಲಿ ಇದೇ ಮೊಳ ಎಂದರು. ವ್ಯಾಪಾರಿಗೆ ಎದೆಯ ಭಾರ ಇಳಿದ ಹಾಗಾಯಿತು. ತಿರುಗಿ ನೋಡಿದರೆ ಬುಟ್ಟಿಗಳಲ್ಲಿ ಮಲ್ಲಿಗೆ ಕೆಂಪಾಗಿ ಬಾಡಿತ್ತು. ಹೂವಾಡಗಿತ್ತಿಯರು ಅವನನ್ನು ಬೈದುಕೊಂಡು ಬುಟ್ಟಿ ಎತ್ತಿಕೊಂಡು ಹೋದರು. ಹೋಗಲಿ, ನಾಳೆಯೂ ಹೂವು ಅರಳುತ್ತದೆ, ಅಳತೆ ಸಿಕ್ಕಿತಲ್ಲ ಎಂದು ವ್ಯಾಪಾರಿ ಬಿದಿರಿನ ಕಡ್ಡಿ ಹಿಡಿದು ಮನೆಗೆ ಬಂದ.

ಹೆಂಡತಿ ಹೊಸ್ತಿಲ ಒಳಗೆ ಕೂತಿದ್ದಳು. ಪಕ್ಕದಲ್ಲಿ ಬಾಚಣಿಗೆ, ಎಣ್ಣೆಯ ಬಟ್ಟಲು, ಒಂದು ಪುಟ್ಟ ಕನ್ನಡಿ. ಅವಳು ಅವನ ಕೈ ನೋಡಿದಳು.

"ಹೂವು ಎಲ್ಲಿ?"

"ಹೂವು ನಾಳೆ. ಇವತ್ತು ಅಳತೆ ಸಿಕ್ಕಿತು ನೋಡು. ಇನ್ನು ಮೇಲೆ ಹೆಚ್ಚೂ ಆಗುವುದಿಲ್ಲ, ಕಮ್ಮಿಯೂ ಆಗುವುದಿಲ್ಲ," ಎಂದು ಕಡ್ಡಿಯನ್ನು ಮುಂದೆ ಹಿಡಿದ.

ಅವಳು ಕಡ್ಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವನಿಗೆ ಬೆನ್ನು ಮಾಡಿ ತಿರುಗಿ ಕೂತಳು. ತಲೆಯ ಮೇಲಿನ ಸೆರಗನ್ನು ಇಳಿಸಿದಳು.

ಮೊಣಕಾಲು ಮುಟ್ಟುತ್ತಿದ್ದ ಜಡೆ ಅಲ್ಲಿರಲಿಲ್ಲ. ಜ್ವರ ಎಲ್ಲವನ್ನೂ ತೆಗೆದುಕೊಂಡು ಹೋಗಿತ್ತು. ಈಗ ಹೊಸದಾಗಿ, ಎಳೆಮಗುವಿಗೆ ಬರುವ ಹಾಗೆ, ಒಂದು ಬೆರಳುದ್ದ ಕೂದಲು ಬಂದಿತ್ತು. ಎಣ್ಣೆ ಹಚ್ಚಿ ಬಾಚಿದ್ದಳು. ಒಂದೆರಡು ಹೂವು ಸಿಕ್ಕಿಸಿದರೆ ನಿಲ್ಲುತ್ತಿತ್ತು. ಇನ್ನೊಂದು ಇಟ್ಟರೆ ಜಾರುತ್ತಿತ್ತು.

"ಈಗ ಅಳೆಯಿರಿ," ಎಂದಳು.

ಅಜ್ಜಯ್ಯ ಅಲ್ಲಿಗೆ ನಿಲ್ಲಿಸಿ ಮೊರಕ್ಕೆ ಕೈ ಹಾಕಿದರು.

ಸಿದ್ದವ್ವ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಈರಭದ್ರ ಮಾತ್ರ ಇನ್ನೂ ಕಾಯುತ್ತಲೇ ಇದ್ದ. ಕತೆ ಮುಗಿದಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ವ್ಯಾಪಾರಿ ತಪ್ಪು ಮಾಡಿದ, ಅದು ಗೊತ್ತಾಯಿತು. ಅಳೆದದ್ದು ತಪ್ಪೋ, ತಪ್ಪು ಕಡ್ಡಿಯಲ್ಲಿ ಅಳೆದದ್ದು ತಪ್ಪೋ? ಪ್ರಕಾಶಕರು ಈ ಕತೆಯಲ್ಲಿ ಯಾರು? ಹೂವಾಡಗಿತ್ತಿಯರೋ, ಹಿರಿಯರೋ?

"ಮರುದಿನ ಅವನು ಎಷ್ಟು ಹೂವು ತಂದ ಅಜ್ಜಯ್ಯಾ?" ಎಂದು ಕೇಳಿದ.

"ಅಯ್ಯೋ ನಿನ್ನ!" ಎಂದು ಸಿದ್ದವ್ವ ಹಣೆ ಬಡಿದುಕೊಂಡಳು.

ಕೆಳಗೆ ಅಂಗಳದಲ್ಲಿ ಬೈಕು ಶುರುವಾಯಿತು. ನಾಗಲಿಂಗಪ್ಪನವರು ಹಾರ್ನ್ ಹೊಡೆದು, "ಬಾರಪ್ಪ ಈರಭದ್ರ, ನನಗೆ ಹೊತ್ತಾಯಿತು!" ಎಂದು ಕೂಗಿದರು. ಈರಭದ್ರ ಎರಡೂ ಕಟ್ಟುಗಳನ್ನು ಎತ್ತಿಕೊಂಡು ಎದ್ದ. ಒಂದು ಮೆಟ್ಟಿಲು ಇಳಿದ. ಅವನಿಗೆ ಏನೋ ಹೊಳೆದ ಹಾಗಾಯಿತು, ತಿರುಗಿ ನಿಂತ.

"ಒಂದೆರಡು ಹೂವು ಸಾಕಾಗಿತ್ತು ಅಂದಿರಲ್ಲ ಅಜ್ಜಯ್ಯಾ. ಹಾಗಾದರೆ ಪ್ರೀತಿ ಕಮ್ಮಿ ಇರುವ ಕಟ್ಟನ್ನೇ ಕೊಡಲೇ?"

ಅಜ್ಜಯ್ಯ ತಲೆ ಎತ್ತಲಿಲ್ಲ. ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

"ಯಾವುದನ್ನಾದರೂ ಕೊಡು ಮಗಾ, ಆದರೆ ನಿನ್ನ ಹುಡುಗಿಯೂ ಅವಳ ಹಾಗೆ ತಲೆಯ ಸೆರಗು ಇಳಿಸಿ ಕೂತ ಪುಟ ಒಂದನ್ನು ನನಗೆ ತೋರಿಸಿ ಹೋಗು."

ಹಾರ್ನ್ ಮತ್ತೆ ಆಯಿತು. ಈರಭದ್ರ ಮೆಟ್ಟಿಲ ಮೇಲೆ ನಿಂತೇ ಎರಡೂ ಕಟ್ಟುಗಳಲ್ಲಿ ಆ ಪುಟವನ್ನು ಹುಡುಕುತ್ತಿದ್ದ.